ಕಮಾವುಗೆ ನಾನು ತೋರಿಸದ ಹೆಸರು

ಕಮಾವು, ಅವತ್ತು ನಾನು ನಿನಗೆ ಹೇಳಿದ್ದು ಸುಳ್ಳು. ನನ್ನ ಕೊರಳಲ್ಲಿದ್ದ ಡಬ್ಬಿ ಹೊನ್ನಾಳಿ ಸಂತೆಯಲ್ಲಿ ಕೊಂಡದ್ದಲ್ಲ. ಅದು ನಿಮ್ಮ ದೇಶದ್ದು. ನಿಮ್ಮವನೊಬ್ಬನ ಕೊರಳಲ್ಲಿ ನೇತಾಡುತ್ತಿದ್ದದ್ದು. ಒಳಗೆ ಕಾಗದ ಇತ್ತು, ಈಗಲೂ ಇದೆ. ಅದರ ಮೇಲಿನ ಹೆಸರನ್ನು ಒಂದು ಸಲ ನೋಡಬಹುದಾ ಅಂತ ನೀನು ಕೇಳಿದೆ — ಅಷ್ಟೇ ನೀನು ಕೇಳಿದ್ದು. ನಾನು ದೇವರನ್ನು ಅಡ್ಡ ಇಟ್ಟುಕೊಂಡು ನಿನ್ನನ್ನು ಹಿಂದಕ್ಕೆ ಸರಿಸಿದೆ.

ಈ ನಾಲ್ಕು ಸಾಲು ಬರೆಯಲು ನನಗೆ ಐದು ವರ್ಷ ಬೇಕಾಯಿತು. ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬರುತ್ತದೆ ಅಂದರೆ — ಇರಲಿ. ಅದನ್ನೂ ಮುಂದೆ ಹೇಳುತ್ತೇನೆ.

ನಾನು ಓದಿದ್ದು ಮೂರನೇ ಕ್ಲಾಸು. ನ್ಯಾಮತಿಯಲ್ಲಿ ಹಿಟ್ಟಿನ ಗಿರಣಿ ನಡೆಸಿಕೊಂಡು ಮುದುಕನಾದವನು. ನಿನ್ನ ಭಾಷೆ ನನಗೆ ಬರುವುದಿಲ್ಲ, ಇಂಗ್ಲೀಷೂ ಇಲ್ಲ. ಹಾಗಾಗಿ ಇದನ್ನು ಕನ್ನಡದಲ್ಲಿ ಬರೆದು ನನ್ನ ಮಗನ ಕೈಗೆ ಕೊಡುತ್ತೇನೆ. ಬಸವರಾಜ, ಅಂದರೆ ಇದನ್ನು ಮೊದಲು ಓದುವವನು ನೀನು. ಓದಿ, ಇಂಗ್ಲೀಷಿಗೆ ಹಾಕಿ, ನಿನ್ನ ಗೆಳೆಯನಿಗೆ ಕಳಿಸು. ಒಂದು ಸಾಲನ್ನೂ ಬಿಡಬೇಡ. ಅಪ್ಪನ ಮರ್ಯಾದೆ ಅಂತ ಎಲ್ಲೂ ಮೆತ್ತಗೆ ಮಾಡಬೇಡ. ಅವತ್ತು ಹಿತ್ತಿಲಲ್ಲಿ ನನ್ನ ಸುಳ್ಳನ್ನು ಅವನಿಗೆ ಇಂಗ್ಲೀಷಿನಲ್ಲಿ ಹೇಳಿದವನು ನೀನೇ ಮಗಾ. ಹೇಳುವ ಮುಂಚೆ ನನ್ನ ಮುಖ ಒಂದು ಸಲ ನೋಡಿದೆ. ಆ ನೋಟ ನನಗೆ ಮರೆತಿಲ್ಲ.

ಈಗ ಯಾಕೆ ಬರೆಯುತ್ತಿದ್ದೀನಿ ಅಂದರೆ, ಕಮಾವು, ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ನಿನ್ನ ಗೆಳೆಯ ಅಪ್ಪ ಆಗಿದ್ದಾನೆ. ಸುದ್ದಿ ಬಂದಾಗ ನಾನು ಗಿರಣಿಯಲ್ಲಿ ಯಾರದೋ ಜೋಳ ಹಾಕಿದ್ದೆ, ಅದರ ಮೇಲೇ ಇನ್ನೊಬ್ಬಳ ರಾಗಿ ಸುರಿದುಬಿಟ್ಟೆ. ರಾಗಿಯವಳು ಬೈದಳು, ಜೋಳದವಳೂ ಬೈದಳು, ನಾನು ಇಬ್ಬರಿಗೂ ಬೆಲ್ಲ ಕೊಟ್ಟೆ. ಬೆಲ್ಟು ಇಳಿಸಿ, ಮೈಮೇಲಿನ ಹಿಟ್ಟನ್ನೂ ಕೊಡವದೆ ಬಸ್ಸು ಹತ್ತಿದೆ. ಸೊಸೆ ಶೈಲಜಾಳ ತವರು ಕೆರೆಬಿಳಚಿ, ಚನ್ನಗಿರಿ ಹತ್ತಿರ. ದಾರಿಯುದ್ದಕ್ಕೂ ಪಕ್ಕ ಕೂತವರಿಗೆಲ್ಲ ಹೇಳಿದೆ. ಕಂಡಕ್ಟರ್ ಕೊನೆಗೆ, ‘ಅಜ್ಜಾ, ಹೊನ್ನಾಳಿಲೇ ಹೇಳಿದ್ರಿ, ಒಂದೇ ಕೂಸಿಗೆ ಎರಡು ಟಿಕೆಟ್ ಹರಿಯಾಕೆ ಬರಲ್ಲ’ ಅಂದ. ಬೀಗರ ಮನೆಯಲ್ಲಿ ಬೀಗರು ಬಾಗಿಲಲ್ಲೇ ನಿಂತು, ‘ಬೀಗ್ರೆ, ಕೂಸು ನಿಮ್ಮ ಮೂಗು ತಗಂಡೈತೆ, ಗಂಡು ನೋಡಾಕೆ ಈಗಿಂದಲೇ ಶುರು ಮಾಡಬೇಕು’ ಅಂತ ಛೇಡಿಸಿದರು. ಆ ಮೂಗು ನೋಡಿ ನನಗೆ ಕಣ್ಣು ಮಂಜಾಗಿತ್ತು. ಕೂಸು ನನ್ನ ಬೆರಳು ಹಿಡಿಯಿತು. ಬಿಡಿಸಿಕೊಳ್ಳಲು ಮನಸ್ಸಿಲ್ಲದೆ ಮಧ್ಯಾಹ್ನದ ಊಟವನ್ನೇ ಎಡಗೈಯಲ್ಲಿ ಮಾಡುತ್ತೀನಿ ಅಂದೆ, ಎಲ್ಲರೂ ನಕ್ಕರು. ಈ ವಯಸ್ಸಿನಲ್ಲಿ ಇಷ್ಟು ಸಂತೋಷವನ್ನು ಎದೆ ತಡೆಯುತ್ತದಾ ಅಂತ ನನಗೇ ಅನುಮಾನ.

ಆ ಸಂತೋಷದ ನಡುವೆ, ಬಾಣಂತನಕ್ಕೆ ಅಂತ ಮೊದಲೇ ಅಲ್ಲಿಗೆ ಹೋಗಿದ್ದ ನನ್ನ ಹೆಂಡತಿ ಗಂಗಮ್ಮ ಬಾಯಿ ತೆಗೆದಳು.

‘ಏನ್ರೀ, ಸಿದ್ದಣ್ಣ ಭಾವನ ಕರಡಿಗೆ ಐತಲ್ಲ, ಅದನ್ನೇ ಕೂಸಿಗೆ ಕೊಡಾಣ. ಈಗ ತೊಟ್ಟಿಲಿಗೆ ಕಟ್ಟಾಣ, ದೊಡ್ಡೋಳಾದ ಮ್ಯಾಲೆ ಕೊರಳಿಗೆ. ಸಮುದ್ರದ ಆಚೆ ಭಾವನ್ನ ಕಾಪಾಡಿದ್ದು, ಇವಳನ್ನ ಕಾಪಾಡಲ್ವಾ.’

ಬೀಗರು ಬೆಳ್ಳಿಯದನ್ನು ಮಾಡಿಸಿ ಇಟ್ಟಿದ್ದರು. ಆದರೂ ಗಂಗಮ್ಮನ ಮಾತಿಗೆ ಎಲ್ಲರೂ ಹೂಂ ಅಂದರು. ಬರುವ ಸೋಮವಾರ ಅಯ್ಯನವರು ಬಂದು ಕೂಸಿಗೆ ಲಿಂಗಧಾರಣೆ ಮಾಡುತ್ತಾರೆ, ಅವತ್ತೇ ಹೆಸರಿಡುವುದು. ಗಂಗಮ್ಮ ಊರಿಗೆ ಬಂದವಳೇ ನನ್ನ ಕೊರಳಿಂದ ಆ ಡಬ್ಬಿ ಇಸಿದುಕೊಂಡು, ಒಳಗಿನದನ್ನು ನಾನು ತೆಗೆದಿಟ್ಟುಕೊಂಡ ಮೇಲೆ ಹುಣಸೆಹಣ್ಣು ಹಾಕಿ ಉಜ್ಜಲು ಕೂತಳು. ನೋಡುತ್ತಾ ನಿಂತ ನನಗೆ — ತಡಿ ಅನ್ನಲು ಬಾಯಿ ಬರಲಿಲ್ಲ. ನನ್ನ ಬಾಯಿಯ ಕಥೆಯೇ ಇದು. ಬರಬಾರದ ಕಡೆ ಬರುತ್ತದೆ, ಬರಬೇಕಾದ ಕಡೆ ಇಲ್ಲ.

ಕಮಾವು, ನಿನಗೆ ನಮ್ಮ ಪದ್ಧತಿ ಗೊತ್ತಿಲ್ಲ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಲಿಂಗ ಕಟ್ಟುತ್ತಾರೆ, ಗಂಡಿಗೂ ಹೆಣ್ಣಿಗೂ. ಸಾಯುವ ತನಕ ಅದು ಮೈಮೇಲೆ ಇರಬೇಕು. ಬೆಳಿಗ್ಗೆ ಸ್ನಾನ ಮಾಡಿ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತೇವೆ. ಲಿಂಗವನ್ನು ಇಟ್ಟುಕೊಳ್ಳುವ ಪುಟ್ಟ ಡಬ್ಬಿಗೆ ಕರಡಿಗೆ ಅನ್ನುತ್ತೇವೆ, ಇದ್ದವರದು ಬೆಳ್ಳಿ, ಇಲ್ಲದವರು ಬಟ್ಟೆಯಲ್ಲಿ ಕಟ್ಟಿಕೊಳ್ಳುವುದು. ಅದು ಕಳೆದುಹೋಯಿತು ಅಂದರೆ ಹಳೇ ಕಾಲದವರಿಗೆ ಜೀವ ಹೋದ ಹಾಗೆ. ಇಷ್ಟು ಗೊತ್ತಿದ್ದರೆ ನಮ್ಮ ಮನೆ ಮಾಡಿದ ತಪ್ಪು ನಿನಗೆ ಗೊತ್ತಾಗುತ್ತದೆ.

ನನ್ನ ಅಣ್ಣ ಸಿದ್ದಣ್ಣ. ನಾವು ಮೂಲದಲ್ಲಿ ಜಗಳೂರು ಕಡೆಯವರು. ಅಣ್ಣ ನನಗಿಂತ ಹೆಚ್ಚು ಓದಿದ್ದ, ಅಕ್ಷರ ದುಂಡಗೆ. ದಾವಣಗೆರೆಯ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಸೇಟು ಅವನನ್ನು ಮೆಚ್ಚಿ, ಕೀನ್ಯಾದಲ್ಲಿದ್ದ ತನ್ನ ನೆಂಟರ ಅಂಗಡಿಗೆ ಹಡಗು ಹತ್ತಿಸಿ ಕಳಿಸಿದ. ಅಲ್ಲಿಂದ ಅಣ್ಣ ಒಬ್ಬ ಬಿಳಿ ಸಾಹೇಬನ ಎಸ್ಟೇಟಿಗೆ ಹಾಜರಿ ಬರೆಯುವ ರೈಟರಾಗಿ ಹೋದ. ನಮ್ಮ ಕಡೆ ಹೊಲದ ಬದುವಿಗೆ ಹಾಕುತ್ತೇವಲ್ಲ ಕತ್ತಾಳೆ, ಅದನ್ನೇ ಅಲ್ಲಿ ಕಣ್ಣು ಹಾಯುವ ತನಕ ನೆಟ್ಟು, ನಾರು ತೆಗೆಸಿ, ಅವರ ದೇಶಕ್ಕೆ ಸಾಗಿಸುತ್ತಿದ್ದರಂತೆ. ನೆಲ ನಿಮ್ಮ ಜನರದ್ದು, ಆ ನೆಲದ ಮೇಲೆ ನಿಲ್ಲಲು ಅಪ್ಪಣೆ ಬಿಳಿಯರದ್ದು.

ನಮಗೆ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಣ್ಣ ವಾಪಸ್ ಬಂದ. ಮೈ ಸೊರಗಿತ್ತು, ಮಾತು ನಿಂತಿತ್ತು. ಅವ್ವ ಅವನಿಗೆ ಎಣ್ಣೆ ಹಚ್ಚಿ ನೀರು ಹಾಕಲು ಅಂಗಿ ಬಿಚ್ಚಿಸಿದಳು. ಕೊರಳಲ್ಲಿ ದಾರ, ದಾರದಲ್ಲಿ ತಗಡಿನ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ. ಅವ್ವ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತಳು. ಸಮುದ್ರ ದಾಟಿದರೂ ನನ್ನ ಮಗ ಲಿಂಗ ಬಿಡಲಿಲ್ಲ ಅಂತ ಕೇರಿಗೆಲ್ಲ ಹೇಳಿದಳು. ಅಣ್ಣ ಅಲ್ಲ ಅನ್ನಲಿಲ್ಲ. ಒಂದು ವಾರ ಬಿಟ್ಟು ಯಾರಿಗೂ ಹೇಳದೆ ಶಿವಮೊಗ್ಗಕ್ಕೆ ಹೋಗಿ ಒಂದು ಲಿಂಗ ತಂದು ಆ ಡಬ್ಬಿಯೊಳಗೆ ಇಟ್ಟ. ಅಲ್ಲಿಂದ ಅದು ಕರಡಿಗೆಯೇ ಆಯಿತು. ನಾವೆಲ್ಲ ಅದಕ್ಕೆ ವಿಭೂತಿ ಹಚ್ಚಿದೆವು. ಹಬ್ಬದಲ್ಲಿ ಹೂವು ಏರಿಸಿದೆವು.

ಇದೆಲ್ಲ ನನಗೆ ಗೊತ್ತಾಗಿದ್ದು ಅಣ್ಣ ಸಾಯುವ ಮುಂಚೆ. ಹದಿಮೂರು ವರ್ಷ ಆಯಿತು. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ, ಮದುವೆ ಬೇಡ ಅಂದವನು ಬೇಡವೇ ಅಂದ. ಆಗ ನಾವು ನ್ಯಾಮತಿಗೆ ಬಂದು ಗಿರಣಿ ಹಾಕಿದ್ದೆವು. ಗಿರಣಿಯ ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದ. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತು. ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡ.

‘ರುದ್ರ, ನಾನು ಹೋದ ಮ್ಯಾಲೆ ಲಿಂಗ ನನ್ನ ಜತೆ ಇಡು. ಈ ಡಬ್ಬಿ ಮಾತ್ರ ಮಣ್ಣು ಮಾಡಬ್ಯಾಡ. ಇದು ನಂದಲ್ಲ.’

ಆಮೇಲೆ ಹೇಳಿದ. ನಿಮ್ಮ ದೇಶದಲ್ಲಿ ಬಿಳಿಯರು ದುಡಿಯುವ ಗಂಡಸರಿಗೆಲ್ಲ ಕೊರಳಿಗೆ ಒಂದು ಡಬ್ಬಿ ಕಟ್ಟಿಸಿದ್ದರು, ಒಳಗೆ ಕಾಗದ, ಕಾಗದದ ಮೇಲೆ ಹೆಸರು, ಊರು, ಬೆರಳಚ್ಚು. ಅದಿಲ್ಲದೆ ರಸ್ತೆಯಲ್ಲಿ ಸಿಕ್ಕಿದರೆ ಜೈಲು. ಒಬ್ಬ ಸಾಹೇಬನ ಕೆಲಸ ಬಿಡಬೇಕಾದರೆ ಅವನೇ ಆ ಕಾಗದದ ಮೇಲೆ ಬಿಟ್ಟಿದ್ದೀನಿ ಅಂತ ರುಜು ಹಾಕಬೇಕು. ಹಾಕದಿದ್ದರೆ ಆ ಮನುಷ್ಯ ಅಲ್ಲೇ. ಅಣ್ಣನ ಎಸ್ಟೇಟಿನಲ್ಲಿ ನಾರು ಕೊಯ್ಯುವ ಕಾಲಕ್ಕೆ ಯಾರೂ ಓಡಿಹೋಗಬಾರದು ಅಂತ ಸಾಹೇಬ ಎಲ್ಲರ ಡಬ್ಬಿಗಳನ್ನೂ ಬಿಚ್ಚಿಸಿ ಅಣ್ಣನ ಕೈಗೆ ಕೊಟ್ಟು ಬೀಗ ಹಾಕಿಸಿದ್ದ.

ಒಬ್ಬ ಆಳು ಅಣ್ಣನ ಹತ್ತಿರ ಮೂರು ದಿನ ಬಂದನಂತೆ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಹೋಗಿ ಬರಬೇಕು, ಡಬ್ಬಿ ಕೊಡಿ, ಸಾಹೇಬರಿಗೆ ಒಂದು ಮಾತು ಹೇಳಿ ಅಂತ. ಅಣ್ಣ ನಾಳೆ ನೋಡೋಣ ಅಂದ, ಮೂರು ದಿನವೂ. ಸಾಹೇಬನ ಮುಂದೆ ನಿಂತು ಆ ಒಂದು ಮಾತು ಹೇಳಲು ಭಯ. ನಾಲ್ಕನೇ ದಿನ ಆ ಮನುಷ್ಯ ಡಬ್ಬಿ ಇಲ್ಲದೇ ಹೊರಟ. ಪೊಲೀಸರು ದಾರಿಯಲ್ಲಿ ಹಿಡಿದು ವಾಪಸ್ ತಂದರು. ಸಾಹೇಬ ಎಲ್ಲ ಆಳುಗಳನ್ನೂ ಸಾಲಾಗಿ ನಿಲ್ಲಿಸಿ, ಅಣ್ಣನನ್ನು ಕರೆದು ಕೇಳಿದ, ಹೋಗುವ ಮುಂಚೆ ಇವನು ನಿನ್ನನ್ನು ಕೇಳಿದ್ದನಾ ಅಂತ.

ಅಣ್ಣ ಅಂದ, ‘ಇಲ್ಲ ಸಾಹೇಬ್, ಕೇಳಲಿಲ್ಲ.’

ಆ ಆಳು ಅಣ್ಣನ ಮುಖ ನೋಡಿದನಂತೆ. ಸಿಟ್ಟಿನಿಂದ ಅಲ್ಲ — ಇವನು ಮರೆತಿದ್ದಾನೆ, ಈಗ ನೆನಪು ಮಾಡಿಕೊಂಡು ಸರಿಯಾಗಿ ಹೇಳುತ್ತಾನೆ ಅಂತ ಕಾಯುವವನ ಹಾಗೆ. ಅಣ್ಣ ತಲೆ ತಗ್ಗಿಸಿದ. ಆಮೇಲೆ ನೀರುಕುದುರೆಯ ತೊಗಲಿನ ಚಾವಟಿ ತಂದರು. ಎಷ್ಟು ಹೊತ್ತು ಅಂತ ಅಣ್ಣ ಹೇಳಲಿಲ್ಲ, ನಾನು ಕೇಳಲಿಲ್ಲ. ಮೂರನೇ ದಿನ ನಾರಿನ ಗೋದಾಮಿನಲ್ಲಿ ಆ ಮನುಷ್ಯ ಸತ್ತ. ಹಾಜರಿ ಪುಸ್ತಕದಲ್ಲಿ ಜ್ವರ ಅಂತ ಬರೆ ಅಂದರು. ಅಣ್ಣ ದುಂಡಗೆ ಬರೆದ. ಸಾಹೇಬನಿಗೆ ಏನೂ ಆಗಲಿಲ್ಲ. ಡಬ್ಬಿ ಮಾತ್ರ ಅಣ್ಣನ ಬೀಗದೊಳಗೇ ಉಳಿಯಿತು.

ಇನ್ನೊಂದು ಮಾತು ಹೇಳಿದ, ಅದನ್ನು ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡ. ಅವನು ಆ ದೇಶಕ್ಕೆ ಹೋದ ಹೊಸದರಲ್ಲಿ ಒಬ್ಬ ಪೊಲೀಸು ಅವನ ಕೊರಳಿನ ದಾರ ಎಳೆದು, ನಿನಗೂ ಡಬ್ಬಿ ಕಟ್ಟಿದ್ದಾರಾ ಅಂತ ನಕ್ಕನಂತೆ. ಅವತ್ತೇ ಅಣ್ಣ ತನ್ನ ಲಿಂಗ ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಆ ಜನರ ಹಾಗೆ ಕಾಣಬಾರದು, ಅವರಲ್ಲಿ ಒಬ್ಬ ಅಂತ ಯಾರೂ ತಿಳಿಯಬಾರದು. ಆ ಪೆಟ್ಟಿಗೆ ಅಲ್ಲೇ ಎಲ್ಲೋ ಕಳೆಯಿತು. ಬರಿಗೊರಳಲ್ಲಿ ಅವ್ವನ ಮುಂದೆ ಹೇಗೆ ನಿಲ್ಲುವುದು ಅಂತ, ಸತ್ತವನ ಡಬ್ಬಿಯನ್ನು ಕಟ್ಟಿಕೊಂಡು ಬಂದ. ನಮ್ಮ ಧರ್ಮದಲ್ಲಿ ಲಿಂಗ ಕಟ್ಟಿದವರಲ್ಲಿ ಮೇಲು ಕೀಳು ಇಲ್ಲ ಅಂತ ಅಪ್ಪ ನಮಗೆ ಕಲಿಸಿದ್ದು. ಅಣ್ಣ ಯಾವುದಕ್ಕೆ ಹೆದರಿ ಲಿಂಗ ಬಿಚ್ಚಿದ, ನೋಡು.

ಸತ್ತವನ ಹೆಸರೇನು ಅಂತ ಕೇಳಿದೆ. ಒಳಗೈತೆ ಅಂದ. ಅವನ ಬಾಯಿಂದ ಹೇಳಲಿಲ್ಲ. ಆ ದೇಶದವರು ಯಾರಾದರೂ ಸಿಕ್ಕರೆ ಇದನ್ನು ಅವರ ಕೈಗೆ ಮುಟ್ಟಿಸು, ಮಾತು ಕೊಡು ಅಂದ. ನಾನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನ್ಯಾಮತಿಗೆ ಆ ದೇಶದವರು ಎಲ್ಲಿಂದ ಬರುತ್ತಾರೆ ಅನ್ನುವ ಧೈರ್ಯದಲ್ಲಿ ಕೊಟ್ಟೆ ಅಂತ ಈಗ ಅನಿಸುತ್ತದೆ.

ಅಣ್ಣನ ಮಣ್ಣು ಮುಗಿದ ಮೇಲೆ ಅವ್ವ ಆ ಡಬ್ಬಿಯನ್ನು ನನ್ನ ಕೈಗಿಟ್ಟು, ಅಣ್ಣಂದು, ನೀನು ಕಟ್ಟಿಕೋ ಅಂದಳು. ಕಟ್ಟಿಕೊಂಡೆ. ನನ್ನ ಲಿಂಗದ ಅಡಿಯಲ್ಲಿ ಆ ಕಾಗದ. ದಿನಾ ಬೆಳಿಗ್ಗೆ ಲಿಂಗ ಅಂಗೈಗೆ ತೆಗೆದುಕೊಳ್ಳುವಾಗ ಅದು ಕಾಣುತ್ತಿತ್ತು. ಮೇಲೆ ಇಂಗ್ಲೀಷು, ಕೆಳಗೆ ಬೆರಳಚ್ಚು. ಯಾರ ಹತ್ತಿರವೂ ಓದಿಸಲಿಲ್ಲ. ಬೆರಳಚ್ಚಿನ ಗೆರೆಗಳು ಮಾತ್ರ ನನಗೆ ಬಾಯಿಪಾಠ ಆಗಿದ್ದವು.

ಆಮೇಲೆ ನೀನು ಬಂದೆ.

ಬಸವರಾಜ ದಾವಣಗೆರೆ ಕಾಲೇಜಿನಲ್ಲಿ ಓದುವಾಗ, ಯುಗಾದಿಗೆ ಒಬ್ಬ ಗೆಳೆಯನನ್ನು ಕರೆತರುತ್ತೀನಿ, ಕೀನ್ಯಾದವನು ಅಂತ ಕಾಗದ ಬರೆದಿದ್ದ. ಓದಿದವನೇ ಅಂಗಿಯೊಳಗೆ ಕೈ ಹಾಕಿ ಡಬ್ಬಿ ಮುಟ್ಟಿ ನೋಡಿಕೊಂಡೆ. ಇಡೀ ಓಣಿ ನಿನ್ನನ್ನು ನೋಡಲು ಬಾಗಿಲಿಗೆ ಬಂತು. ನೀನು ಎಲ್ಲರಿಗೂ ಕನ್ನಡದಲ್ಲಿ ಶರಣು ಅಂದೆ, ಅದನ್ನು ಬಸ್ಸಿನಲ್ಲಿ ಕಲಿತಿದ್ದೆಯಂತೆ. ಊಟಕ್ಕೆ ಗಂಗಮ್ಮ ನಿನಗೆ ಅನ್ನ ಇಟ್ಟು ನಮಗೆ ಮುದ್ದೆ ಇಟ್ಟಳು. ನೀನು ನನ್ನ ತಟ್ಟೆ ತೋರಿಸಿ ಅದೇ ಬೇಕು ಅಂದೆ. ಪಟ್ಟಣದ ನೆಂಟರಿಗೆ ಮುದ್ದೆ ತಿನ್ನುವುದನ್ನು ಹೇಳಿಕೊಡಬೇಕಾಗುತ್ತದೆ. ನೀನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿಂದ ಕುಳಿ ಒತ್ತಿ, ಸಾರು ಎತ್ತಿದೆ. ನಿಮ್ಮ ಮನೆಯಲ್ಲೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೀಗೇ ಮಾಡುತ್ತಾರಂತೆ. ಗಂಗಮ್ಮ, ‘ಇವನು ನಮ್ಮ ಹುಡುಗನೇ ಬಿಡ್ರಿ, ಬಿಸಿಲಿಗೆ ವಸಿ ಕಪ್ಪಾಗ್ಯಾನ’ ಅಂದಳು. ಬಸವರಾಜ ಅದನ್ನು ಇಂಗ್ಲೀಷಿಗೆ ಹಾಕಲೋ ಬೇಡವೋ ಅಂತ ಒದ್ದಾಡಿದ. ನಿನಗೆ ಹೇಗೋ ಅರ್ಥವಾಯಿತು, ಮೊದಲು ನಕ್ಕವನು ನೀನು.

ಸಂಜೆ ಗಿರಣಿ ನಿಲ್ಲಿಸಿ ಮೂವರೂ ಮೂಟೆಗಳ ಮೇಲೆ ಕೂತೆವು. ಮನೆಯವರ ವಿಷಯ ನಾನೇ ಕೇಳಿದೆ. ಹೇಳಿದೆ ನೀನು, ಬಸವರಾಜ ಒಂದೊಂದೇ ಮಾತು ಕನ್ನಡಕ್ಕೆ ತಂದ. ನಿಮ್ಮ ತಾತನ ಹೊಲವನ್ನು ಬಿಳಿಯರು ತಗೊಂಡು ಅದೇ ಹೊಲದಲ್ಲಿ ಅವರನ್ನು ಆಳಾಗಿ ಇಟ್ಟರು. ಜನ ತಿರುಗಿಬಿದ್ದಾಗ ಊರಿಗೆ ಊರೇ ಸುಟ್ಟು, ಮುಳ್ಳುತಂತಿಯೊಳಗೆ ಕೂಡಿಹಾಕಿದರು. ನಿನ್ನ ಅಮ್ಮ ಸಣ್ಣ ಹುಡುಗಿಯಾಗಿ ಆ ತಂತಿಯ ಸುತ್ತ ಕಂದಕ ತೋಡಿದವಳು. ತಾತನನ್ನು ಕ್ಯಾಂಪಿಗೆ ಒಯ್ದರು, ಬಂದಾಗ ಒಂದು ಕೈ ಏಳುತ್ತಿರಲಿಲ್ಲ. ಅದಕ್ಕೂ ಮುಂಚೆ — ಇದನ್ನು ನೀನು ಬೆರಳಲ್ಲಿ ಕೊರಳು ತೋರಿಸಿ ಹೇಳಿದೆ — ಗಂಡಸರಿಗೆಲ್ಲ ಡಬ್ಬಿ ಕಟ್ಟಿದ್ದರು. ಕಿಪಾಂಡೆ ಅಂತ ಅದರ ಹೆಸರು. ಮೇಕೆಗೆ ಗಂಟೆ ಕಟ್ಟಿದ ಹಾಗೆ ಕಟ್ಟಿದರು ಅಂತ ನಿನ್ನ ಅಜ್ಜಿ ಹೇಳುತ್ತಿದ್ದಳಂತೆ. ಆ ಅಜ್ಜಿಯ ತಮ್ಮ ಕತ್ತಾಳೆ ಎಸ್ಟೇಟಿಗೆ ದುಡಿಯಲು ಹೋದವನು ವಾಪಸ್ ಬರಲಿಲ್ಲ. ಸತ್ತ ಅಂತಲೂ ಯಾರೂ ಹೇಳಲಿಲ್ಲ. ಅಜ್ಜಿ ಈಗಲೂ ಆ ಕಡೆಯಿಂದ ಯಾರು ಬಂದರೂ ಕೇಳುತ್ತಾಳೆ ಅಂದೆ.

ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ. ನಿನ್ನಿಂದ ಎರಡು ಮೊಳ ದೂರದಲ್ಲಿ, ಅಂಗಿಯ ಕೆಳಗೆ, ಅದು ಇತ್ತು ಕಮಾವು. ಆಗ ತೆಗೆದು ಕೊಟ್ಟಿದ್ದರೆ —

ಕೊಡಲಿಲ್ಲ. ಬೆಳಿಗ್ಗೆ ಹಿತ್ತಿಲ ಬಚ್ಚಲ ಹತ್ತಿರ ಸ್ನಾನ ಮುಗಿಸಿ, ಬರೀ ಮೈಯಲ್ಲಿ ವಿಭೂತಿ ಹಚ್ಚಿಕೊಂಡು ಪೂಜೆಗೆ ನಿಂತಿದ್ದೆ. ನೀನು ಹಲ್ಲುಜ್ಜುತ್ತಾ ಬಂದವನು ಹಾಗೇ ನಿಂತುಬಿಟ್ಟೆ. ಬಾಯಿ ತೊಳೆದು, ಕೈ ತೊಳೆದು, ಬಸವರಾಜನನ್ನು ಕರೆದು, ಹತ್ತಿರ ಬಂದೆ. ಅವ್ವ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು, ಕಿವಿ ಪೂರ್ತಿ ಹೋಗಿತ್ತು ಆಗ. ಗಂಗಮ್ಮ ನೀರೊಲೆಯ ಮುಂದೆ. ಇದು ಎಲ್ಲಿಯದು ಅಂತ ನೀನು ಕೇಳಿದೆ. ನಾನು ಹೊನ್ನಾಳಿ ಸಂತೆಯಲ್ಲಿ ಕೊಂಡದ್ದು ಅಂದೆ. ಗಂಗಮ್ಮ ಒಲೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಅಣ್ಣನ ಜೊತೆ ಆಚೆಯಿಂದ ಬಂದದ್ದು ಅಂತ ಅವಳಿಗೂ ಗೊತ್ತು, ಬಸವರಾಜನಿಗೂ ಗೊತ್ತು. ಇಬ್ಬರೂ ಸುಮ್ಮನಿದ್ದರು, ಯಜಮಾನ ಹೇಳಿದ ಮಾತು ಅಂತ. ನೀನು ನಿಧಾನವಾಗಿ ಕೇಳಿದೆ, ಒಳಗೆ ಕಾಗದ ಇದೆಯಾ, ಇದ್ದರೆ ಹೆಸರೊಂದನ್ನು ನೋಡಬಹುದಾ ಅಂತ. ನಿನ್ನ ಕೈ ಮುಂದಕ್ಕೆ ಬಂತು, ಮುಟ್ಟಲು ಅಲ್ಲ — ನೀರು ಕೇಳುವವರು ಒಡ್ಡುತ್ತಾರಲ್ಲ ಹಾಗೆ.

ನಾನು ಡಬ್ಬಿಯನ್ನು ಮುಷ್ಟಿಯಲ್ಲಿ ಮುಚ್ಚಿ ಅಂದೆ, ‘ಇದು ನಮ್ಮ ದೇವರು. ಬೇರೆಯವರು ಮುಟ್ಟೋ ಹಂಗಿಲ್ಲ.’

ಬಸವರಾಜ ನನ್ನ ಮುಖ ನೋಡಿದ. ಆಮೇಲೆ ಇಂಗ್ಲೀಷಿನಲ್ಲಿ ಹೇಳಿದ.

ನೀನು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕ್ಷಮಿಸಿ ಅಂತ ಬೇರೆ ಅಂದೆ. ಅದಾದ ಮೇಲೆ ನಮ್ಮ ಮನೆಯಲ್ಲಿ ನೀನು ಏನನ್ನೂ ಕೇಳದೆ ಮುಟ್ಟಲಿಲ್ಲ. ನೀರಿನ ಚೊಂಬು ಮುಟ್ಟಲಿಲ್ಲ, ಬಾಗಿಲ ಚಿಲಕ ಮುಟ್ಟಲಿಲ್ಲ. ಮಧ್ಯಾಹ್ನ ಉಂಡ ತಟ್ಟೆಯನ್ನು ಗಂಗಮ್ಮ ಬೇಡ ಬೇಡ ಅಂದರೂ ನೀನೇ ತೊಳೆದು ಬೇರೆ ಕಡೆ ಬೋರಲು ಹಾಕಿದೆ. ಇನ್ನೂ ಎರಡು ದಿನ ಇರಬೇಕಾದವನು ಪರೀಕ್ಷೆ ಹತ್ತಿರ ಬಂತು ಅಂತ ಅವತ್ತೇ ಬಸ್ಸು ಹತ್ತಿದೆ. ಕಿಟಕಿಯಿಂದ ನನಗೆ ಕೈ ಮುಗಿದೆ. ನಿನ್ನ ಜನರನ್ನು ಬಿಳಿಯರು ಎಲ್ಲಿ ನಿಲ್ಲಿಸಿದ್ದರೋ ನಾನೂ ನಿನ್ನನ್ನು ಅಲ್ಲೇ ನಿಲ್ಲಿಸಿದೆ. ಅದೂ ನನ್ನ ಮನೆಯಲ್ಲಿ, ಮುದ್ದೆ ಉಂಡ ಮಾರನೇ ದಿನ, ಕೈಯಲ್ಲಿ ಲಿಂಗ ಹಿಡಿದುಕೊಂಡು.

ಅವ್ವ ಇದ್ದಳು, ಅವಳ ಎದೆ ಒಡೆಯುತ್ತಿತ್ತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೀನಿ. ಅವ್ವನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಮರುವರ್ಷ ಅವ್ವ ಹೋದಳು. ಅದರಾಚೆ ನಾಲ್ಕು ವರ್ಷ ಯಾರು ಅಡ್ಡ ಇದ್ದರು? ನೀನು ಓದು ಮುಗಿಸಿ ನಿನ್ನ ಊರು ಸೇರಿದೆ. ಪ್ರತಿ ವರ್ಷ ಬಸವರಾಜನಿಗೆ ಕಾರ್ಡು ಬರೆಯುತ್ತೀಯ, ಕೊನೆಯಲ್ಲಿ ಅಪ್ಪ ಅಮ್ಮನಿಗೆ ಶರಣು ಅಂತ. ಆ ಒಂದು ಮಾತು ಕನ್ನಡ ಅಕ್ಷರದಲ್ಲೇ, ಸೊಟ್ಟಪಟ್ಟ. ಕಾರ್ಡು ಬಂದಾಗೆಲ್ಲ ಬಸವರಾಜ ಓದಿ ಹೇಳುತ್ತಾನೆ. ನಾನು ಹೂಂ ಅಂದು ಗಿರಣಿಗೆ ಹೋಗಿ, ಬೆಲ್ಟು ಸರಿಯಿಲ್ಲ, ಕಲ್ಲು ಸವೆದಿದೆ ಅಂತ ಇಲ್ಲದ ರಗಳೆ ತೆಗೆದು ಗಿರಾಕಿಗಳ ಮೇಲೆ ರೇಗುತ್ತೀನಿ. ಅಣ್ಣ ಒಂದು ಮಾತು ಹೇಳಲು ಹೆದರಿದ, ಅವನ ಎದುರು ಚಾವಟಿ ತರಿಸುವ ಸಾಹೇಬ ಇದ್ದ. ನನ್ನೆದುರು ಯಾರಿದ್ದರು? ಹಲ್ಲುಜ್ಜುವ ಬ್ರಷ್ಷು ಹಿಡಿದ ಒಬ್ಬ ಹುಡುಗ.

ನಿನ್ನೆ ಗಂಗಮ್ಮ ಉಜ್ಜಿ ಥಳಥಳ ಮಾಡಿದ ಡಬ್ಬಿಯನ್ನು ನನ್ನ ಮುಂದೆ ಹಿಡಿದು, ಹೊಸದರ ಹಂಗೆ ಆತು ನೋಡ್ರಿ ಅಂದಳು. ಈ ಹೊಳಪು ತೊಟ್ಟಿಲ ಮೇಲೆ, ಆ ಕೂಸಿನ ಕಣ್ಣಿಗೆ — ನನಗೆ ತಡೆಯಲಾಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಅಣ್ಣ ಹೇಳಿದ್ದು, ನಾನು ಮಾತು ಕೊಟ್ಟಿದ್ದು, ನಿನಗೆ ಸುಳ್ಳು ಹೇಳಿದ್ದು. ಅವಳು ಅಳಲಿಲ್ಲ. ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿ, ಡಬ್ಬಿಯನ್ನು ನನ್ನ ಕಡೆ ಸರಿಸಿದಳು.

‘ಇಷ್ಟು ವರ್ಷ ನಾನು ಯಾರ ಬೇಡಿಗೆ ಕೈ ಮುಗಿದೆ ಹಂಗಾದ್ರೆ?’ ಅಂದಳು. ಆಮೇಲೆ, ‘ಆ ಹುಡುಗ ತಟ್ಟೆ ಯಾಕೆ ತೊಳೆದ ಅಂತ ಈಗ ಗೊತ್ತಾತು.’

ಅಷ್ಟು ಹೇಳಿ ಎದ್ದು ಹೋದಳು. ನಿನ್ನೆಯಿಂದ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಇಡುತ್ತಾಳೆ, ಕೂರುವುದಿಲ್ಲ. ಸರಿಯಾಗಿಯೇ ಇದೆ.

ನನ್ನ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೀನಿ. ಡಬ್ಬಿ ದೇವರ ಗೂಡಿ‌ನಲ್ಲಿಲ್ಲ, ನನ್ನ ಕೊರಳಲ್ಲೂ ಇಲ್ಲ, ಈ ಕಾಗದದ ಪಕ್ಕದಲ್ಲಿದೆ. ಸೋಮವಾರ ಕೂಸಿಗೆ ಬೀಗರು ಮಾಡಿಸಿದ್ದನ್ನೇ ಕಟ್ಟುತ್ತಾರೆ. ಯಾಕೆ ಅಂತ ಬೀಗರು ಕೇಳುತ್ತಾರೆ, ಅಯ್ಯನವರು ಕೇಳುತ್ತಾರೆ, ಶೈಲಜಾ ಕೇಳುತ್ತಾಳೆ. ಎಲ್ಲರಿಗೂ ನಾನೇ ಹೇಳುತ್ತೇನೆ. ಸಣ್ಣ ಮಾತಲ್ಲಿ ಮುಗಿಸುವುದಿಲ್ಲ.

ಬಸವರಾಜ, ಭಾನುವಾರ ನೀನು ಬಂದಾಗ ಮೊದಲು ಡಬ್ಬಿಯೊಳಗಿನ ಆ ಕಾಗದ ಬಿಚ್ಚಿ ಹೆಸರು ಓದು. ನನ್ನ ಕಿವಿಯಲ್ಲಿ ಅಲ್ಲ, ಪಡಸಾಲೆಯಲ್ಲಿ ನಿಂತು, ನಿಮ್ಮ ಅವ್ವನಿಗೆ ಕೇಳುವ ಹಾಗೆ. ಹೇಗೆ ಉಚ್ಚಾರ ಅಂತ ಗೊತ್ತಾಗದಿದ್ದರೆ ಎರಡು ಸಲ ಓದು, ಮೂರು ಸಲ ಓದು. ಈ ಮನೆಯಲ್ಲಿ ನಲವತ್ತು ವರ್ಷ ಇದ್ದವನು, ಅವನ ಹೆಸರನ್ನು ಒಬ್ಬರೂ ಕರೆದಿಲ್ಲ. ಅದಾದ ಮೇಲೆ ನನ್ನ ಮೊಮ್ಮಗಳಿಗೆ ಹೆಸರಿಡೋಣ.

ಕಮಾವು, ಡಬ್ಬಿಯನ್ನೂ ಕಾಗದವನ್ನೂ ನಾನೇ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಕಳಿಸುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ನಿನ್ನನ್ನು ಕೇಳಿದರೆ ನೀನು ಹೂಂ ಅಂದುಬಿಡುತ್ತೀಯ, ಅಂಥವನು ನೀನು, ಅದು ನನಗೆ ಸಲ್ಲುವುದಿಲ್ಲ. ನಿನ್ನ ಅಜ್ಜಿ ಇನ್ನೂ ಇದ್ದರೆ ಮೊದಲು ಅವರಿಗೆ ಹೆಸರು ಓದಿ ಹೇಳು. ಅವರ ತಮ್ಮನೇ ಆಗಿದ್ದರೆ, ಅವನು ಕೇಳಿಯೇ ಹೊರಟಿದ್ದ, ಮೂರು ದಿನ ಕೇಳಿದ್ದ ಅಂತ ಹೇಳು. ಅವರ ತಮ್ಮ ಅಲ್ಲದಿದ್ದರೆ, ಆ ಹೆಸರಿಗೆ ಬೇರೆ ಒಬ್ಬ ಅಕ್ಕ ಇದ್ದಾಳೆ. ಹುಡುಕು ಅಂತ ನಿನಗೆ ಹೇಳುವ ಬಾಯಿ ನನಗಿಲ್ಲ.